ಬಲಕ್ಕೆ ತಿರುಗಿದಾಗ ಬರುವ ಶಬ್ದ

ಆಯುಧಪೂಜೆ ಮುಗಿದು ಇನ್ನೂ ತಿಂಗಳಾಗಿರಲಿಲ್ಲ, ನಮ್ಮ ಹಳೆಯ ಸಣ್ಣ ಕಾರು ಮುಂಭಾಗದಲ್ಲಿ ಬಡಿಯತೊಡಗಿತು. ಗಂಗಾನಗರದ ನಮ್ಮ ಬೀದಿಯ ಹಂಪ್ ಹತ್ತಿ ಇಳಿದರೆ ‘ದಡ್’ ಎಂದು ಒಂದು ಏಟು ಸ್ಟೀರಿಂಗ್ ಹಿಡಿದ ಕೈಗೆ ತಾಗುತ್ತಿತ್ತು. ಯು-ಟರ್ನ್ ಮಾಡುವಾಗ ಬರುವ ಸದ್ದು ಬೇರೆ: ಕಟ ಕಟ ಕಟ. ಗಾಡಿ ನೇರವಾದ ತಕ್ಷಣ ಅದು ನಿಲ್ಲುತ್ತಿತ್ತು.

ಕಾರು ಓಡಿಸುತ್ತಿದ್ದವಳು ನನ್ನ ಹೆಂಡತಿ. ಚಿಕ್ಕಜಾಲದ ಸಣ್ಣ ಶಾಲೆಯೊಂದರಲ್ಲಿ ಅವಳು ಯುಕೆಜಿ ಮಕ್ಕಳಿಗೆ ಟೀಚರ್. ಮಕ್ಕಳು ಬರುವುದರೊಳಗೆ ತರಗತಿಯ ಬಾಗಿಲು ತೆರೆದಿರಬೇಕು. ವರ್ಷಗಟ್ಟಲೆ ಹೆಬ್ಬಾಳದವರೆಗೆ ಒಂದು ಬಸ್ಸು, ಅಲ್ಲಿಂದ ಏರ್‌ಪೋರ್ಟ್ ರಸ್ತೆಯಲ್ಲಿ ಇನ್ನೊಂದು ಬಸ್ಸು ಹಿಡಿದು, ಹೆಚ್ಚಿನ ದಿನ ನಿಂತುಕೊಂಡೇ ಹೋಗಿ ಬಂದಳು. ಕಾಲಿನ ನರಗಳು ಉಬ್ಬಿದಾಗ ಡಾಕ್ಟರು, ಪಾಠ ಮಾಡುವಾಗ ಹೇಗೂ ನಿಲ್ಲುತ್ತೀರಿ, ಬಸ್ಸಿನಲ್ಲಿಯೂ ನಿಲ್ಲುವುದು ಆಗದು ಎಂದು ಖಡಾಖಂಡಿತವಾಗಿ ಹೇಳಿದರು. ಕೆಲಸ ಬಿಡಬೇಕು, ಇಲ್ಲವೇ ಕಾರು ಕಲಿಯಬೇಕು. ಐವತ್ತು ದಾಟಿದ ಮೇಲೆ ಅವಳು ಕಾರು ಕಲಿತಳು.

ಕಾರು ನನ್ನ ಅಣ್ಣನದು. ಅವನಿರುವುದು ನಮ್ಮ ಮನೆಯ ಮಹಡಿಯಲ್ಲಿ. ಕಣ್ಣಿನ ಆಪರೇಷನ್ ಆದ ಮೇಲೆ ಓಡಿಸುವುದು ನಿಲ್ಲಿಸಿ, ಗಾಡಿಯನ್ನು ಇವಳಿಗೆ ಕೊಟ್ಟ. ಕೊಟ್ಟರೂ ಕೊಟ್ಟ ಹಾಗೆ ಆಗಿರಲಿಲ್ಲ. ಅವಳು ಗೇಟಿನಿಂದ ರಿವರ್ಸ್ ತೆಗೆಯುವಾಗಲೆಲ್ಲ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದ. ಸದ್ದು ಮೊದಲು ಕೇಳಿಸಿದ್ದೂ ಅವನಿಗೇ.

“ಇಷ್ಟು ವರ್ಷ ಒಂದು ಸದ್ದು ಮಾಡಿರ್ಲಿಲ್ಲ ಕಣಮ್ಮ ಈ ಗಾಡಿ” ಎಂದ. “ಹಂಪ್ ಮೇಲೆ ಎತ್ತಿ ಹಾಕ್ತೀಯ, ನಿಂತಲ್ಲೇ ಸ್ಟೀರಿಂಗ್ ತಿರುಗಿಸ್ತೀಯ. ಇನ್ನೇನಾಗುತ್ತೆ? ಗುಜರಿಗೆ ಹಾಕೋ ಹಾಗಾಯ್ತು.”

ಅವಳು ಕೀಲಿಯನ್ನು ಮೊಳೆಗೆ ತಗುಲಿಹಾಕಿ ಅಡುಗೆಮನೆಗೆ ಹೋದಳು. ಮರುದಿನ ಬಸ್ಸಿನಲ್ಲಿ ಹೋದಳು, ಅದರ ಮರುದಿನವೂ. ಸಂಜೆ ಬಂದು ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು ಕೂತಿದ್ದವಳು ನನ್ನ ಕಡೆ ನೋಡದೆ ಹೇಳಿದಳು:

“ನನ್ನಿಂದ ಹಾಳಾಗಿದ್ರೆ ಹೇಳಿ, ಓಡ್ಸೋದು ಬಿಡ್ತೀನಿ, ಶಾಲೆನೂ ಬಿಡ್ತೀನಿ. ಅಲ್ಲ ಅಂದ್ರೆ ಯಾರ್ ಹೇಳಿದ್ರೂ ಬಿಡಲ್ಲ. ಎರಡರಲ್ಲಿ ಯಾವುದು ಅಂತ ನಂಗೆ ಗೊತ್ತಾಗ್ಬೇಕು ರೀ.”

ನಾನು ಕೆಲಸ ಮಾಡಿದ್ದು ಪತ್ರಿಕೆಯೊಂದರ ಸುದ್ದಿಮನೆಯಲ್ಲಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಖಚಿತ ಮಾಡಿಕೊಳ್ಳದೆ ಪುಟಕ್ಕೆ ಬಿಡಬಾರದು ಎಂಬುದು ಅಲ್ಲಿನ ಮೊದಲ ಪಾಠ. ಹಾಗಾಗಿ ಶನಿವಾರ ಅವಳನ್ನೂ ಕೂರಿಸಿಕೊಂಡು ಆರ್.ಟಿ. ನಗರದ ಗ್ಯಾರೇಜಿಗೆ ಹೋದೆ. ಅಣ್ಣನ ಕಾಲದಿಂದಲೂ ಆ ಕಾರನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಅಲ್ಲಿದ್ದರು. ನಾವು ಇಳಿಯುವ ಮೊದಲೇ ಅವರು ಕಾಯಿಲೆಯ ಹೆಸರು ಹೇಳಿಬಿಟ್ಟರು. ಸ್ಟೀರಿಂಗ್ ರ್‍ಯಾಕ್ ಹೋಗಿದೆ, ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಆ ಭಾಗವನ್ನೇ ಪೂರ್ತಿ ಬದಲಾಯಿಸಬೇಕು. ನೋಡದೆಯೇ ಹೇಗೆ ಗೊತ್ತಾಯಿತು ಎಂದು ಕೇಳಿದೆ. ದೊಡ್ಡ ಸಾರ್ ಫೋನ್ ಮಾಡಿದ್ದರು ಎಂದರು. ಬಾಯಿ ಎರಡಾದರೂ ಮೂಲ ಒಂದೇ, ಅಣ್ಣ.

ನಮ್ಮ ಸಮಾಧಾನಕ್ಕೆಂದು ಅವರು ಕಾರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದರು. ಎಲ್ಲ ಕಪ್ಪಗೆ ಹೊಳೆಯುತ್ತಿತ್ತು. ಗ್ರೀಸ್ ಸೋರಿಲ್ಲ, ಎಣ್ಣೆ ತೊಟ್ಟಿಕ್ಕಿಲ್ಲ, ಮಣ್ಣು ಸಹ ಇಲ್ಲ. ಕೆಳಗೆ ಇಷ್ಟು ಚೆನ್ನಾಗಿದ್ದ ಮೇಲೆ ರ್‍ಯಾಕೇ ಇರಬೇಕು ಎಂದರು.

“ರ್‍ಯಾಕ್ ಹಾಕಿದ್ರೆ ಯು-ಟರ್ನ್‌ನಲ್ಲಿ ಬರೋ ಸದ್ದು ಹೋಗುತ್ತಾ ಭಾಯ್?” ಎಂದು ಇವಳು ಕೇಳಿದಳು.

“ಹಾಕಿ ನೋಡೋಣ ಅಕ್ಕ.”

“ಹಾಕಿ ನೋಡೋದು ಬೇಡ. ನೋಡಿ ಹಾಕೋಣ.”

ಅವರು ನಕ್ಕು, ಹಾಗಾದರೆ ನೀವೇ ನೋಡಿಕೊಂಡು ಬನ್ನಿ ಎಂದರು. ಅವರ ಗ್ಯಾರೇಜು ಶುಕ್ರವಾರ ಮುಚ್ಚುತ್ತದೆ, ಭಾನುವಾರ ತೆರೆದಿರುತ್ತದೆ. ನಮಗೆ ಅದೇ ಅನುಕೂಲವಾಯಿತು.

ಭಾನುವಾರ ಬೆಳಿಗ್ಗೆ, ಕ್ರಿಕೆಟ್ ಆಡುವವರು ಬರುವ ಮೊದಲು, ಬಡಾವಣೆಯ ಮೈದಾನಕ್ಕೆ ಹೋದೆವು. ಅವಳು ಮಾಡಿದ ಮೊದಲ ಕೆಲಸವೆಂದರೆ ಎರಡು ಸದ್ದುಗಳನ್ನು ಬೇರೆ ಬೇರೆ ಮಾಡಿದ್ದು. ನೇರವಾಗಿ ಹಳ್ಳದ ಮೇಲೆ ಹೋದರೆ ‘ದಡ್’ ಮಾತ್ರ. ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಸುತ್ತು ಹಾಕಿದರೆ ‘ಕಟ ಕಟ’ ಮಾತ್ರ. ಆ ಸುತ್ತಿನಲ್ಲಿಯೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸದ್ದು ಕುಗ್ಗುತ್ತಿತ್ತು, ಒತ್ತಿದರೆ ಮತ್ತೆ ಏಳುತ್ತಿತ್ತು. ಎಡಕ್ಕೆ ಸುತ್ತಿದರೆ ಏನೂ ಇಲ್ಲ. ಅಂದಮೇಲೆ ಇದು ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವ ದಾರಿಯಲ್ಲಿರುವ ತೊಂದರೆ, ಸ್ಟೀರಿಂಗಿನದಲ್ಲ ಎಂದು ಅವಳು ಕಿಟಕಿಯಿಂದಲೇ ಹೇಳಿದಳು.

ಬಲಕ್ಕೆ ತಿರುಗಿದಾಗ ಬರುವುದರಿಂದ ಬಲಗಡೆಯ ಚಕ್ರವೇ ಇರಬೇಕೆಂದು ನಾನು ಆ ಪಕ್ಕದಲ್ಲಿ ನಡೆಯುತ್ತ ಕಿವಿಕೊಟ್ಟೆ. ಸದ್ದು ದೂರದಲ್ಲಿತ್ತು. ಆಚೆ ಬದಿಗೆ ಹೋದೆ. ಎಡಗಡೆಯ ಮುಂಚಕ್ರದ ಹತ್ತಿರ ಬಗ್ಗಿ ನಡೆದರೆ ಸ್ಪಷ್ಟವಾಗಿ ಕೇಳುತ್ತಿತ್ತು. ನಿಧಾನವಾಗಿ ಸುತ್ತುವ ಕಾರಿನ ಸುತ್ತ ನಾನೂ ಸುತ್ತುವುದನ್ನು ನೋಡಿ, ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಂತರು.

“ಏನ್ ಸ್ವಾಮಿ, ಎಷ್ಟು ಪ್ರದಕ್ಷಿಣೆ ಹರಕೆ ಹೊತ್ತಿದ್ದೀರಿ?”

“ಸದ್ದು ನಿಲ್ಲೋವರೆಗೂ” ಎಂದೆ.

“ಹೆಂಗಸ್ರು ಓಡಿಸ್ತಿದ್ದಾರೆ, ಹುಷಾರು” ಎಂದು ಹೇಳಿ ಅವರು ಮುಂದೆ ಹೋದರು. ಅದು ಅವಳಿಗೂ ಕೇಳಿಸಿತು. ಕಾರು ನಿಲ್ಲಿಸಿ ಇಳಿದಳು. ನೀವು ಓಡಿಸಿ, ನಾನು ನಡೆಯುತ್ತೇನೆ, ನಿಮ್ಮ ಕಿವಿಯೊಂದನ್ನೇ ನಂಬುವುದು ಬೇಡ ಎಂದಳು. ಸೀರೆಯ ನೆರಿಗೆ ಎತ್ತಿ ಹಿಡಿದು ಮೊದಲು ಬಲಗಡೆ, ಆಮೇಲೆ ಎಡಗಡೆ ನಡೆದು, ಬಾನೆಟ್ ಮೇಲೆ ತಟ್ಟಿ ನಿಲ್ಲಿಸಿದಳು.

“ಎಡಗಡೆ ರೀ. ಅನುಮಾನವೇ ಇಲ್ಲ.”

ಅಲ್ಲಿಂದ ಸೀದಾ ಗ್ಯಾರೇಜಿಗೆ ಹೋದೆವು. ಈ ಸಲ ಮೆಕ್ಯಾನಿಕ್ಕನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಅವಳೇ ಓಡಿಸಿದಳು. ಮೊದಲ ಯು-ಟರ್ನ್ ಪೂರ್ತಿಯಾಗುವ ಮೊದಲೇ ಅವರು ಕೈಯೆತ್ತಿ, ಸಾಕು ಅಕ್ಕ, ಫೋನಿನಲ್ಲಿ ಇದನ್ನು ಯಾರೂ ಹೇಳಲಿಲ್ಲ ಎಂದರು. ಬಲಕ್ಕೆ ತಿರುಗುವಾಗ ಭಾರವೆಲ್ಲ ಎಡಚಕ್ರದ ಮೇಲೆ ಬೀಳುತ್ತದೆ, ಎಂಜಿನ್ನಿನಿಂದ ಅದಕ್ಕೆ ಬರುವ ಆಕ್ಸಲ್‌ನ ಜಾಯಿಂಟ್ ಸವೆದಿದ್ದರೆ ಆಗಲೇ ಕೂಗುವುದು ಎಂದು ವಾಪಸ್ ಬರುತ್ತ ವಿವರಿಸಿದರು.

ಜಾಕ್ ಹಾಕಿ ಎಡಚಕ್ರ ಬಿಚ್ಚಿದರು. ಆಕ್ಸಲ್‌ನ ತುದಿಯಲ್ಲಿ, ಜಾಯಿಂಟಿನ ಗ್ರೀಸ್ ಹೊರಗೆ ಹೋಗದಂತೆ, ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇರುತ್ತದೆ. ನೋಡಲು ಅದು ಹೊಸದರಂತೆ ಹೊಳೆಯುತ್ತಿತ್ತು. ಬಟ್ಟೆಯಿಂದ ಒರೆಸಿ ಮಡಿಕೆಯನ್ನು ಹೆಬ್ಬೆರಳಿನಿಂದ ಬಿಡಿಸಿದಾಗ ಸೀಳು ಬಾಯಿಬಿಟ್ಟಿತು. ಒಳಗೆ ಗ್ರೀಸ್ ಇರಲಿಲ್ಲ, ನೀರು ಬೆರೆತ ಕಂದು ಕೆಸರಿತ್ತು. ಆಮೇಲೆ ಚಕ್ರವನ್ನು ಮತ್ತೆ ಕೂರಿಸಿ, ನನಗೆ ಸ್ಟೀರಿಂಗ್ ಹಿಡಿಯಲು ಹೇಳಿ, ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿದರು. ಸ್ಟೀರಿಂಗ್ ಮೇಲಿದ್ದ ನನ್ನ ಅಂಗೈಗೆ ಆ ‘ದಡ್’ ಬಂದು ತಾಗಿತು. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನ ತುದಿ ಸಡಿಲವಾಗಿತ್ತು. ಅದರ ರಬ್ಬರ್ ಟೋಪಿಯೂ ಉಬ್ಬಿ ಹರಿದಿತ್ತು. ರ್‍ಯಾಕಿಗೆ ಏನೂ ಆಗಿರಲಿಲ್ಲ.

ಮೆಕ್ಯಾನಿಕ್ ಆ ರಬ್ಬರನ್ನು ಮೂಸಿ ನೋಡಿದರು. “ಇದಕ್ಕೆ ಕೆಳಗಡೆ ಡೀಸೆಲ್ ಹೊಡೆಸಿದ್ದು ಯಾರು ಸಾರ್?”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ ಅಣ್ಣ ಗಾಡಿಯನ್ನು ವಾಟರ್ ವಾಶ್‌ಗೆ ಒಯ್ಯುತ್ತಾನೆ. ಮೇಲೆ ಎತ್ತಿಸಿ, ತಳಕ್ಕೂ ರಭಸದ ನೀರು ಹೊಡೆಸಿ, ಹೊಳಪು ಬರಲೆಂದು ಡೀಸೆಲ್ ಸಿಂಪಡಿಸುತ್ತಾನೆ. ಆಮೇಲೆಯೇ ಮಾವಿನೆಲೆ, ಬಾಳೆಕಂದು, ಚಕ್ರದ ಕೆಳಗೆ ನಿಂಬೆಹಣ್ಣು. ದೇವರ ಮುಂದೆ ನಿಲ್ಲುವ ಗಾಡಿಗೆ ಅಡಿಯಲ್ಲಿ ಕೊಳೆ ಇರಬಾರದು ಎಂಬುದು ಅವನ ನಂಬಿಕೆ. ಈ ವರ್ಷವೂ ಇವಳ ಪಕ್ಕದಲ್ಲಿ ಕೂತು ಹೋಗಿ, ತಾನೇ ಮುಂದೆ ನಿಂತು ಮಾಡಿಸಿದ್ದ. ಬೂಟ್ ಸೀಳಿದರೆ ಚಕ್ರದ ಒಳಮೈಗೆ ಗ್ರೀಸ್ ಸಿಡಿದು ಗೊತ್ತಾಗಬೇಕಿತ್ತು. ಆ ಗುರುತನ್ನೂ ನೀರು ತೊಳೆದುಹಾಕಿತ್ತು.

ಅವಳಿಗೆ ಬೇಕಾಗಿದ್ದದ್ದು ಇನ್ನೊಂದು ಉತ್ತರ. “ನಾನು ಓಡಿಸಿದ್ದಕ್ಕೆ ಹೀಗಾಯ್ತಾ ಭಾಯ್? ಇದ್ದದ್ದು ಇದ್ದ ಹಾಗೆ ಹೇಳಿ.”

“ಇಲ್ಲ ಅಕ್ಕ. ಇದು ಒಂದು ದಿನದ್ದಲ್ಲ, ವರ್ಷ ವರ್ಷ ಡೀಸೆಲ್ ಕುಡಿದು ರಬ್ಬರ್ ಸತ್ತಿರೋದು. ನೀವು ಕಲಿಯೋಕೆ ಮೊದಲೇ ಶುರುವಾಗಿತ್ತು.” ರಬ್ಬರನ್ನು ಕೆಳಗಿಟ್ಟು ಸೇರಿಸಿದರು: “ನಿಂತಲ್ಲೇ ಸ್ಟೀರಿಂಗ್ ತಿರುಗಿಸೋದು ಮಾತ್ರ ಬಿಟ್ಬಿಡಿ. ಅದು ಒಳ್ಳೇದಲ್ಲ.”

ಬಿಡುತ್ತೇನೆ ಎಂದು ಅವಳು ತಲೆಯಾಡಿಸಿದಳು. ಸಂಜೆಯೊಳಗೆ ಹೊಸ ಜಾಯಿಂಟ್, ಎರಡೂ ಕಡೆಯ ಬೂಟ್, ಟೈ ರಾಡ್‌ನ ತುದಿ ಎಲ್ಲ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿದೆವು. ಹಳೆಯ ಬೂಟನ್ನು ಅವಳು ಪೇಪರಿನಲ್ಲಿ ಸುತ್ತಿ ತಂದಳು.

ಅಣ್ಣನಿಗೆ ನಾನೇ ಹೇಳುತ್ತೇನೆ ಎಂದೆ. ಬೇಡ ಎಂದಳು. ಮಹಡಿಗೆ ಹೋಗಿ, ಅವನ ಕಾಫಿ ಲೋಟದ ಪಕ್ಕ ಪೊಟ್ಟಣ ಬಿಚ್ಚಿಟ್ಟು, ಮೆಕ್ಯಾನಿಕ್ ಹೇಳಿದ್ದನ್ನು ಒಂದು ಮಾತು ಹೆಚ್ಚಿಲ್ಲದೆ ಹೇಳಿದಳು. ಅಣ್ಣ ಕನ್ನಡಕ ಹಾಕಿಕೊಂಡು ರಬ್ಬರನ್ನು ಎಳೆದು ನೋಡಿದ. ಸೀಳು ಬೆರಳಿನ ನಡುವೆ ತೆರೆದುಕೊಂಡಿತು.

“ಪೂಜೆಗೆ ಅಂತ ಮಾಡಿಸಿದ್ದು” ಎಂದ.

“ಗೊತ್ತು ಭಾವ. ಇನ್ಮೇಲೆ ತಳಕ್ಕೆ ಏನೂ ಹೊಡ್ಸೋದು ಬೇಡ. ನಾಳೆಯಿಂದ ಕಾರಲ್ಲೇ ಹೋಗ್ತೀನಿ.”

ಮರುದಿನ ಬೆಳಿಗ್ಗೆ ಅವಳು ಕಾರು ತೆಗೆಯುವಾಗ ಬಾಲ್ಕನಿ ಖಾಲಿಯಿತ್ತು. ಅಣ್ಣ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದ. ಹೆಬ್ಬಾಳದಲ್ಲಿ ಸ್ವಲ್ಪ ಕೆಲಸವಿದೆ, ಅಲ್ಲಿ ಇಳಿಸಿಬಿಡು ಎಂದು ಮುಂದಿನ ಸೀಟಿನಲ್ಲಿ ಕೂತ.

ಮಿಕ್ಕಿದ್ದನ್ನು ಅವಳು ಸಂಜೆ ಹೇಳಿದಳು. ಬೀದಿಯ ಹಂಪ್ ಬಂದಾಗ ಅವನು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟಿದ್ದನಂತೆ. ಮುಖ್ಯರಸ್ತೆಯ ಯು-ಟರ್ನ್‌ನಲ್ಲಿ ಕಿಟಕಿ ಇಳಿಸಿ, ಎಡಚಕ್ರದ ಕಡೆ ತಲೆ ಬಾಗಿಸಿದನಂತೆ. ಹೆಬ್ಬಾಳ ಬಂದಾಗ ನಿಲ್ಲಿಸಲೇ ಭಾವ ಎಂದು ಇವಳು ಕೇಳಿದ್ದಕ್ಕೆ, ನಡಿ, ಶಾಲೆಯವರೆಗೂ ಬರ್ತೀನಿ, ಫ್ಲೈಓವರ್ ಮೇಲೆ ಹೇಗೆ ಹೋಗುತ್ತೆ ನೋಡೋಣ ಎಂದನಂತೆ. ಚಿಕ್ಕಜಾಲದಲ್ಲಿ ಇಳಿದು, ಅವಳು ತರಗತಿಯ ಬಾಗಿಲು ತೆರೆಯುವವರೆಗೆ ಗೇಟಿನಲ್ಲಿ ನಿಂತಿದ್ದು, ಬಸ್ ಸ್ಟಾಪಿನ ದಾರಿ ಕೇಳಿಕೊಂಡು ಹೊರಟನಂತೆ.

ಅವನು ಅಂದು ಮನೆಗೆ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಗೇಟಿನ ಬಳಿ ಕಟ್ಟೆಯ ಮೇಲೆ ಕೂತು, ಚಪ್ಪಲಿ ಕಳಚಿ, ಪಾದ ಒತ್ತಿಕೊಳ್ಳುತ್ತಿದ್ದ. ನಾನು ನೀರು ತಂದುಕೊಟ್ಟೆ.

“ಅಲ್ಲಿಂದ ಇಲ್ಲೀವರೆಗೂ ನಿಂತ್ಕೊಂಡೇ ಬಂದೆ ಕಣೋ” ಎಂದ. ನೀರು ಕುಡಿದು, ಕಾರಿಲ್ಲದ ಜಾಗವನ್ನು ಸ್ವಲ್ಪ ಹೊತ್ತು ನೋಡಿದ. “ಅವಳಿಗೆ ಹೇಳು, ಗಾಡಿ ಚೆನ್ನಾಗಿ ಓಡಿಸ್ತಾಳೆ. ಮುಂದಿನ ಪೂಜೆಗೆ ಬಕೆಟ್ ನೀರಲ್ಲಿ ನಾನೇ ತೊಳೀತೀನಿ.”

ನೀನೇ ಹೇಳು, ಸಂಜೆ ಬರ್ತಾಳೆ ಎಂದೆ.