ರುಚಿ ನೋಡದ ಸಾಂಬಾರು

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆ ಕಟ್ಟಿದವನಿಗೆ ಟೈಫಾಯಿಡ್ ಬಂದಿರಲಿಕ್ಕಿಲ್ಲ. ನನಗೆ ಬಂತು, ಐವತ್ತರ ದಶಕದ ಒಂದು ಮಳೆಗಾಲದಲ್ಲಿ, ಬೊಂಬಾಯಿಯ ಮಾಟುಂಗದ ಹೋಟೆಲೊಂದರಲ್ಲಿ ಸಾಂಬಾರು ಮಾಡುವ ಭಟ್ಟನಾಗಿದ್ದಾಗ. ಜ್ವರ ಬಿಟ್ಟಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಉಪ್ಪು, ಹುಳಿ, ಖಾರ ಎಲ್ಲವೂ ಒಂದೇ, ಒದ್ದೆ ಕಾಗದ ಜಗಿದ ಹಾಗೆ.

ಯಾರಿಗೂ ಹೇಳಲಿಲ್ಲ. ರುಚಿ ತಿಳಿಯದ ಅಡುಗೆಯವನನ್ನು ಬೊಂಬಾಯಿಯಲ್ಲಿ ಯಾರು ಸಾಕುತ್ತಾರೆ? ಊರಿನ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದೇ ನನ್ನ ಸಂಬಳದಿಂದ. ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕುವೆ, ಏನೂ ತಿಳಿಯದು, ಇನ್ನಷ್ಟು ಉಪ್ಪು ಹಾಕುವೆ. ಮತ್ತೆ ನೆಕ್ಕುವೆ. ಗಿರಾಕಿಗಳು ಬಟ್ಟಲು ಪಕ್ಕಕ್ಕೆ ಸರಿಸಿದರು.

"ಎಂತ ಭಟ್ರೇ ಇದು, ಚೌಪಾಟಿಯ ಸಮುದ್ರದ ನೀರು ತಂದು ಹೊಯ್ದದ್ದಾ?" ಎಂದು ಧಣಿಗಳು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿದರು. ಉಪ್ಪೇ ಸರಿಯಿಲ್ಲ ಎಂದೆ. "ಕುಣಿಯಲಾರದವಳಿಗೆ ನೆಲ ಡೊಂಕಂತೆ" ಎಂದ, ದೋಸೆ ಹಾಕುವವ. ಅವನ ಬಾಯಿಗಿಷ್ಟು ಕಾದ ಎಣ್ಣೆ ಹೊಯ್ಯಬೇಕೆನಿಸಿತು. ಮರುದಿನ ಹೆದರಿ ಕೈ ಬಿಗಿಹಿಡಿದೆ, ಸಾಂಬಾರು ಸಪ್ಪೆಯಾಯಿತು.

ಕೊನೆಗೆ ಧಣಿಗಳು ನನ್ನನ್ನು ತೆಂಗಿನಕಾಯಿ ತುರಿಯಲು ಕೂರಿಸಿದರು. ಚೌತಿ ಕಳೆದ ಮೇಲೆ ಊರಿಗೆ ಹೊರಡಿ ಎಂದರು. ಆ ಸಂಜೆ ವಡಾಲ ಸ್ಟೇಷನ್ನಿಗೆ ಹೋಗಿ ಹಳಿ ನೋಡುತ್ತ ನಿಂತೆ. ಲೋಕಲ್ ಬಂತು, ಹೋಯಿತು, ಮತ್ತೊಂದು ಬಂತು. ಬದುಕು ಸಾಕೆನಿಸಿತ್ತು ಎಂದರೆ ಸುಳ್ಳಲ್ಲ. ಅಷ್ಟರಲ್ಲಿ ಹಾಳು ಹೊಟ್ಟೆ ಹಸಿಯಿತು. ರುಚಿಯಿಲ್ಲದವನಿಗೂ ಹಸಿವೆಗೇನೂ ಕಡಿಮೆಯಿರಲಿಲ್ಲ. ವಾಪಸು ಬಂದೆ.

ಚೌತಿಯ ದಿನ ಹೋಟೆಲಿಗೆ ರಜೆ. ಹಿಂದಿನ ಕೋಣೆಯಲ್ಲಿ ಗಣಪತಿ ಕೂರಿಸಿ ನೌಕರರಿಗೆಲ್ಲ ಊಟ. ನನ್ನ ಬದಲು ಸೌಟು ಹಿಡಿದಿದ್ದ ತಿಂಡಿ ಭಟ್ಟನಿಗೆ ಅಂದು ಬೆಳಿಗ್ಗೆಯೇ ಊರಿನಿಂದ ಸೂತಕದ ಸುದ್ದಿ ಬಂತು. ಅವನು ನೈವೇದ್ಯದ ಅಡುಗೆ ಮುಟ್ಟುವಂತಿಲ್ಲ.

"ಭಟ್ರೇ, ಮಿಂದು ಬಂದು ಒಲೆ ಹಚ್ಚಿ. ಬೇರೆ ಯಾರಿದ್ದಾರೆ ನನಗೆ?" ಎಂದರು ಧಣಿಗಳು.

ಬೇಳೆ ಬೆಂದ ಮೇಲೆ ಅಭ್ಯಾಸದಂತೆ ಸೌಟು ಅಂಗೈಯ ಮೇಲೆ ಬಗ್ಗಿತು, ಅಲ್ಲೇ ನಿಂತಿತು. ದೇವರಿಗೆ ಇಡುವ ಮೊದಲು ನೆಕ್ಕುವುದುಂಟೇ? ಊರಿನ ದೇವಸ್ಥಾನದ ಅಡುಗೆಮನೆಯಲ್ಲಿ ಅಪ್ಪನ ಜೊತೆ ಬೆಳೆದವ ನಾನು. ಅಪ್ಪ ಒಂದು ದಿನವೂ ರುಚಿ ನೋಡಿ ಬೇಯಿಸಿದವರಲ್ಲ. ಉಪ್ಪು ಎಷ್ಟೆಂದು ಅವರ ಮುಷ್ಟಿಗೆ ಗೊತ್ತಿತ್ತು. ನನ್ನ ಮುಷ್ಟಿಗೂ ಗೊತ್ತಿತ್ತು. ಹೋಟೆಲಿಗೆ ಬಂದ ಮೇಲೆ ಅದನ್ನು ನಂಬುವುದು ಬಿಟ್ಟಿದ್ದೆ, ಅಷ್ಟೆ. ಒಂದೇ ಸಲ ಉಪ್ಪು ಹಾಕಿ, ಮುಚ್ಚಿ, ಹಿಂದೆ ಸರಿದೆ.

ಮಂಗಳಾರತಿಯಾಗಿ ಎಲೆ ಹಾಕಿದರು. ದೋಸೆಯವ ಏನಾದರೂ ಅನ್ನುತ್ತಾನೆಂದು ಅವನ ಎಲೆಯನ್ನೇ ನೋಡುತ್ತ ನಿಂತೆ. ಅವನು ತಲೆಯೆತ್ತದೆ ಉಣ್ಣುತ್ತಿದ್ದ. ಧಣಿಗಳು ಎರಡನೆಯ ಸಲ ಸಾಂಬಾರು ಹಾಕಿಸಿಕೊಂಡರು.

"ಇವತ್ತು ಎಂತ ಮಾಡಿದ್ರಿ ಮಾರಾಯ್ರೆ?"

"ರುಚಿ ನೋಡಲಿಲ್ಲ" ಎಂದೆ. ಜ್ವರದ ಕಥೆಯನ್ನೂ ಹೇಳಿಬಿಟ್ಟೆ.

ಅವರು ಇನ್ನೊಂದು ತುತ್ತು ಕಲಸಿಕೊಂಡರು. "ಹಾಗಾದ್ರೆ ನಾಳೆಯಿಂದ ಗಿರಾಕಿಗಳನ್ನೂ ದೇವರು ಅಂತಲೇ ತಿಳ್ಕೊಳ್ಳಿ."

ಕೊನೆಯ ಪಂಕ್ತಿಯಲ್ಲಿ ನಾನೂ ಕುಳಿತೆ. ನಾಲಿಗೆಗೆ ಆಗಲೂ ಏನೂ ತಿಳಿಯಲಿಲ್ಲ. ಆದರೂ ಇನ್ನೊಂದು ಸೌಟು ಹಾಕಿಸಿಕೊಂಡೆ.