ಪ್ರಾಗ್‌ನಲ್ಲಿ ಅರ್ಧ ದಿನ

ವೈಜಯಂತಿಗೆ ಪ್ರಾಗ್ ಎಂದರೆ ಎರಡನೇ ತವರು ಎಂದು ಬಳಗದವರೆಲ್ಲ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳದೆ ಏನು ಮಾಡಿಯಾರು? ಘಾಜಿಯಾಬಾದಿನ ಫ್ಲ್ಯಾಟಿನಲ್ಲಿ ಕರೆಂಟು ಹೋದರೆ "ಪ್ರಾಗಲ್ಲಿ ಒಂದಿನಾನೂ ಹೋಗಿರಲಿಲ್ಲ" ಎನ್ನುವಳು. ತರಕಾರಿ ಭಯ್ಯಾ ಕೊಳೆತ ಟೊಮೇಟೊ ತೂಗಿದರೆ ಪ್ರಾಗಿನ ಸಂತೆಯ ಗುಣಗಾನ. "ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೇನ ನಿಮ್ಮನ್ನ ನೋಡೇ ಮಾಡಿರಬೇಕು ಕಣ್ರೀ" ಎಂದು ಪಕ್ಕದ ಮನೆಯ ರತ್ನಮ್ಮ ರೇಗಿಸುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಅವಳ ಗಂಡ ಇಂದುಶೇಖರ ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ತಿಪಟೂರು ಬಿಟ್ಟು ಆಚೆ ಹೋಗದ ಹುಡುಗಿ ಅಲ್ಲಿ ಒಬ್ಬಳೇ ಟ್ರಾಮ್ ಹತ್ತಿ ಊರು ಸುತ್ತಿದಳು. ಹುಳಿ ಚೆರ್ರಿಗೆ ಖಾರದಪುಡಿ ಕಲಸಿ ಉಪ್ಪಿನಕಾಯಿ ಹಾಕಿ ಕಚೇರಿಯವರಿಗೆಲ್ಲ ಹಂಚಿದಳು. ಇಷ್ಟನ್ನು ಕಂಡಕಂಡವರಿಗೆಲ್ಲ ಹೇಳಿದ್ದಾಳೆ. ಹೇಳದೆ ಉಳಿದದ್ದು ಒಂದೇ. ಅವಳ ಚೊಚ್ಚಲ ಗಂಡುಮಗು ಅಲ್ಲೇ ಹುಟ್ಟಿ, ಹೆಸರಿಡುವ ಮುಂಚೆಯೇ ತೀರಿಕೊಂಡು, ಆ ಊರಿನ ಮಣ್ಣಿನಲ್ಲೇ ಇತ್ತು.

ಹಸುಗೂಸನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಹೂತ ಮೇಲೆ ತಿರುಗಿ ನೋಡಬಾರದು ಎಂದು ಇಂದುಶೇಖರ ಅವತ್ತೇ ಹೇಳಿಬಿಟ್ಟ. ಊರಿನಲ್ಲಾಗಿದ್ದರೆ ಗುರುತೂ ಉಳಿಯುತ್ತಿರಲಿಲ್ಲ. ಆದರೆ ಅಲ್ಲಿಯ ಸ್ಮಶಾನದವರು ಪುಟ್ಟದೊಂದು ಮರದ ಹಲಗೆ ನೆಟ್ಟುಕೊಟ್ಟಿದ್ದರು. ಗಂಡನಿಗೆ ತಿಳಿಸದೆ ಅವಳು ಟ್ರಾಮ್ ಹತ್ತಿ ಹೋಗುತ್ತಿದ್ದದ್ದು ಅಲ್ಲಿಗೇ. ದೆಹಲಿಗೆ ವರ್ಗವಾಗಿ ಲೋಧಿ ಕಾಲೋನಿಯ ಕ್ವಾರ್ಟರ್ಸಿಗೆ ಬಂದಮೇಲೆ ಆ ಮಾತಿಗೆ ಬೀಗ ಬಿತ್ತು. ಆಮೇಲೆ ಹುಟ್ಟಿದ ಮಗಳು ಸ್ಫೂರ್ತಿಗೂ ಗೊತ್ತಿರಲಿಲ್ಲ.

ಗುರಗಾಂವಿನ ಬ್ಯಾಂಕಿನಲ್ಲಿದ್ದ ಸ್ಫೂರ್ತಿ ಎರಡು ಸಾವಿರದ ಆರರಲ್ಲಿ ಅಪ್ಪ ಅಮ್ಮನನ್ನು ಯುರೋಪಿಗೆ ಕಳಿಸುತ್ತೇನೆಂದು ಹಟ ಹಿಡಿದಳು. ಭಾನುವಾರ ಉಪ್ಪಿಟ್ಟು ತಿನ್ನುತ್ತ ಟೂರಿನವರ ಬಣ್ಣದ ಕಾಗದ ಹರಡಿ ಕೂತಳು.

"ದೇಖೋ ಅಮ್ಮ, ವಿಯೆನ್ನಾ, ಬುಡಾಪೆಸ್ಟ್, ಔರ್ ತುಮ್ಹಾರಾ ಪ್ರಾಗ್. ಅಲ್ಲಿ ಹಾಫ್ ಡೇ ಇದೆ."

"ಅರ್ಧ ದಿನ ಸಾಲಲ್ಲ ಪುಟ್ಟಿ. ನಂಗೆ ಒಂದು ಬೆಳಗ್ಗೆ ಪೂರ್ತಿ ಬೇಕು."

"ಗ್ರೂಪ್ ಟೂರ್ ಹೈ ನಾ! ಬಸ್ ನಿಲ್ಲಲ್ಲ. ಇಷ್ಟು ಏನ್ ಶಾಪಿಂಗ್ ನಿಂಗೆ?"

ಇಂದುಶೇಖರ ಪೇಪರಿನಿಂದ ತಲೆಯೆತ್ತಲಿಲ್ಲ. "ಪ್ರಾಗೇ ಯಾಕೆ? ಸಿಂಗಾಪುರ ನೋಡು. ಚಳಿಯಿಲ್ಲ, ಮಂಡಿನೋವಿಗೂ ಸುಖ."

ವೈಜಯಂತಿಯ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ನುಂಗಿದ್ದು ಒಂದೇ ಸಲಕ್ಕೆ ಬಾಯಿಗೆ ಬಂತು.

"ಸಿಂಗಾಪುರದಲ್ಲಿ ನನ್ನ ಮಗು ಇಲ್ಲಾರೀ!"

ಮಗಳು ಗಾಬರಿಯಾದಳು. ವೈಜಯಂತಿ ಎಲ್ಲವನ್ನೂ ಹೇಳಿದಳು: ಹುಟ್ಟಿದ್ದು, ಹೋದದ್ದು, ಆ ಹಲಗೆ, ತಾನು ಕದ್ದು ಹೋಗುತ್ತಿದ್ದದ್ದು. ಸ್ಫೂರ್ತಿಯ ಬಾಯಲ್ಲಿ ಹಿಂದಿ, ಇಂಗ್ಲಿಷು ಯಾವುದೂ ಉಳಿಯಲಿಲ್ಲ.

"ನಂಗೆ ಅಣ್ಣ ಇದ್ನಾ ಅಮ್ಮ?"

"ಇದ್ದ. ನಿಮ್ಮಪ್ಪಂಗೆ ಮಾತ್ರ ಇರಲಿಲ್ಲ. ತಿರುಗಿ ನೋಡಬಾರದಂತೆ! ಗಂಡಸರಿಗೆಲ್ಲಿ ಬರಬೇಕು ಹೆತ್ತ ಕರುಳು!"

ಇಂದುಶೇಖರ ಪೇಪರು ಮಡಿಸಿಟ್ಟ.

"ಅಲ್ಲಿ ಏನೂ ಇಲ್ಲ, ವೈಜೂ."

"ನಿಮಗೇನು ಗೊತ್ತು?"

"ನೋಡಿ ಬಂದಿದೀನಿ. ಆಫೀಸ್ ಕೆಲಸಕ್ಕೆ ಜರ್ಮನಿಗೆ ಹೋಗಿದ್ನಲ್ಲ, ಆಗ ರೈಲು ಹಿಡಿದು ಹೋದೆ. ಅಲ್ಲಿ ಜಾಗ ಇಷ್ಟು ವರ್ಷಕ್ಕೆ ಅಂತ ಕೊಡ್ತಾರಂತೆ. ಯಾರೂ ಕೇಳದಿದ್ರೆ ಬೇರೆಯವರಿಗೆ. ನಾವು ಕೇಳಲಿಲ್ಲ. ಬೇರೆ ಯಾರದೋ ಕಲ್ಲು ಹಾಕಿದಾರೆ. ಆ ಊರಿನ ಹೆಸರೇ ನಿನ್ನ ಉಸಿರು. ಹೇಗೆ ಹೇಳ್ಲಿ?"

ಅವಳಿಗೆ ನೆನಪಿತ್ತು. ಜರ್ಮನಿಯಿಂದ ಬಂದವನು ಗೋಡೆಗೆ ಮುಖಮಾಡಿ ಮಲಗಿದ್ದ. ಥಂಡಿಯಾಗಿದೆ ಎಂದುಕೊಂಡು ಅವಳು ಮೆಣಸಿನ ಸಾರು ಮಾಡಿಕೊಟ್ಟಿದ್ದಳು. ಆಮೇಲೂ ಅವಳು ಪ್ರಾಗ್ ಪ್ರಾಗ್ ಎನ್ನುತ್ತಲೇ ಇದ್ದಳು, ಅವನು ಕೇಳಿಸಿಕೊಳ್ಳುತ್ತಲೇ ಇದ್ದ. ಅಯ್ಯೋ, ಇಂಥ ಮನುಷ್ಯನನ್ನು ಏನೆಂದು ಬೈಯುವುದು? ಸಿಟ್ಟು ಮಾತ್ರ ಇಳಿಯಲಿಲ್ಲ.

ಉಪ್ಪಿಟ್ಟು ಆರಿಹೋಗಿತ್ತು. ವೈಜಯಂತಿ ಕೇಳಿದಳು, "ಕಲ್ಲಿನ ಮೇಲೆ ಯಾರ ಹೆಸರು?"

"ಯಾರೋ ಹೆಂಗಸು. ತೊಂಬತ್ತು ದಾಟಿದ ಮುದುಕಿ."

"ಅಜ್ಜಿ ಅನ್ನಿ." "ಇಷ್ಟು ದಿನ ಮಗು ಅಲ್ಲಿ ಒಂಟಿಯಾಗಿದೆ ಅಂದ್ಕೊಂಡಿದ್ದೆ."

ಕಣ್ಣೊರೆಸಿಕೊಂಡು ಬಣ್ಣದ ಕಾಗದವನ್ನು ಮಗಳ ಕಡೆ ತಳ್ಳಿದಳು.

"ಪ್ರಾಗಲ್ಲಿ ಬಸ್ಸು ನಮ್ಮಿಬ್ಬರನ್ನೂ ಬಿಟ್ಟೇ ಹೋಗ್ಲಿ ಅಂತ ಹೇಳು ಪುಟ್ಟಿ. ಟ್ರಾಮ್ ದಾರಿ ನಂಗೊತ್ತು."

ಆಮೇಲೆ ಗಂಡನ ಮುಖ ನೋಡದೆಯೇ ಅಂದಳು, "ಈ ಸಲ ನನ್ನ ಬಿಟ್ಟು ಹೋಗಬೇಡಿ."