ಹೊಲಿಗೆಯಕ್ಕನ ಜನರೇಟರ್

ಬೀದಿಯವರಿಗೆಲ್ಲ ಆಕೆ ಹೊಲಿಗೆಯಕ್ಕ. ಗಂಡ ತೀರಿಕೊಂಡ ಮೇಲೂ ತವರಿಗೆ ಹೋಗದೆ ಅತ್ತೆಯ ಜೊತೆಯೇ ಉಳಿದವಳು. ಕೈಗೆ ಕತ್ತರಿ ಕೊಟ್ಟು ಕೆಲಸ ಕಲಿಸಿದ್ದೂ ಆ ಅತ್ತೆಯೇ. ಈಗ ಅತ್ತೆಯ ಶ್ವಾಸಕೋಶ ಸೋತು, ಆಕ್ಸಿಜನ್ ಮಷೀನು ಬಿಟ್ಟು ಅರೆಗಳಿಗೆ ಇರುವಂತಿರಲಿಲ್ಲ. ಒಂದು ಮಧ್ಯಾಹ್ನ ಹೋದ ಕರೆಂಟು ನಾಲ್ಕು ತಾಸು ಬರಲಿಲ್ಲ. ತುರ್ತಿಗೆಂದು ಇಟ್ಟಿದ್ದ ಸಿಲಿಂಡರಿನ ಮುಳ್ಳು ಕೆಂಪು ಗೆರೆಗೆ ಇಳಿದದ್ದನ್ನು ಹೊಲಿಗೆಯಕ್ಕ ಕಣ್ಣಾರೆ ಕಂಡಳು. ಜನರೇಟರ್ ತಂದೇ ತರಬೇಕೆಂದು ಅವತ್ತೇ ಗಟ್ಟಿ ಮನಸ್ಸು ಮಾಡಿದಳು.

ಅಂಗಡಿಯವನು ಎಲ್ಲಕ್ಕಿಂತ ಚಿಕ್ಕ ಜನರೇಟರನ್ನು ತೋರಿಸಿದ. "ಹಗುರ ಇದೆ, ನಿಮಗೆ ಸಾಕಮ್ಮ. ಮನೇಲಿ ಗಂಡಸರಿದ್ರೆ ಕರ್ಕೊಂಡ್ಬನ್ನಿ, ಮಾತಾಡೋಣ."

"ಮಾತು ಬೇಡಣ್ಣ. ನಿಮ್ಮ ಫ್ರಿಜ್ಜನ್ನೇ ಇದಕ್ಕೆ ಹಾಕಿ ತೋರಿಸಿ. ನಮ್ಮನೇಲೂ ಅಂಥದ್ದೇ ಇದೆ."

ಅವನು ಅದನ್ನು ಅಂಗಡಿಯ ಹೊರಗಿಟ್ಟು ಚಾಲೂ ಮಾಡಿ ಫ್ರಿಜ್ ಹಾಕಿದ. ಜನರೇಟರ್ ಎರಡು ಸಲ ಕೆಮ್ಮಿ ನಿಂತೇಹೋಯಿತು.

"ನಡೆಯೋವಾಗ ಎಷ್ಟು ಬೇಕು ಅನ್ನೋದಲ್ಲ, ಶುರುವಾಗೋವಾಗ ಎಷ್ಟು ಎಳೆಯುತ್ತೆ ಅನ್ನೋದು ಮುಖ್ಯ" ಎಂದು ಚೀಟಿ ಮುಂದಿಟ್ಟಳು. ಆಕ್ಸಿಜನ್ ಮಷೀನು, ಫ್ರಿಜ್ಜು, ಒಂದು ಫ್ಯಾನು, ಎರಡು ದೀಪ; ಎಲ್ಲದರ ವ್ಯಾಟು ಬರೆದುಕೊಂಡು ಬಂದಿದ್ದಳು. ಅಂಗಡಿಯವನು ನಡುಗಾತ್ರದ್ದನ್ನು ಇಳಿಸಿದ.

ಇಡುವ ಜಾಗಕ್ಕೆ ಮೈದುನ ತಕರಾರು ತೆಗೆದ. "ಅತ್ತಿಗೆ, ಅಮ್ಮನ ಕಿಟಕಿ ಕೆಳಗಿಡೋಣ. ಮಳೆಗೂ ನೆನೆಯಲ್ಲ, ನಿಮಗೂ ಹತ್ರ."

"ಅದರ ಹೊಗೇಲಿ ವಿಷದ ಗಾಳಿ ಇರುತ್ತೆ ಕಣಪ್ಪ, ಅದಕ್ಕೆ ವಾಸನೇನೂ ಇರಲ್ಲ. ಉಸಿರು ಉಳಿಸೋಕೆ ತಂದಿದ್ದೇ ಉಸಿರು ತೆಗೆಯಬೇಕಾ?"

ಹಿತ್ತಲಿನ ಕೊನೆಯಲ್ಲಿ ನಾಲ್ಕು ಕಂಬ ನೆಟ್ಟು, ಸುತ್ತ ಗಾಳಿಯಾಡುವಂತೆ ಬಿಟ್ಟು, ಮೇಲೆ ತಗಡು ಹೊದಿಸಿದಳು. ಜನರೇಟರಿನ ಕರೆಂಟು ಬೀದಿಯ ತಂತಿಗೆ ನುಗ್ಗಿ ಲೈನ್‌ಮನ್‌ಗೆ ಹೊಡೆಯದಂತೆ ಎಲೆಕ್ಟ್ರಿಷಿಯನ್ ಚೇಂಜ್‌ಓವರ್ ಸ್ವಿಚ್ ಕೂರಿಸಿದ. ಪ್ರತಿ ಭಾನುವಾರ ಬೆಳಿಗ್ಗೆ ಫ್ರಿಜ್ಜನ್ನೂ ಫ್ಯಾನನ್ನೂ ಹಾಕಿ ಇಪ್ಪತ್ತು ನಿಮಿಷ ಓಡಿಸುವಳು. ಹಳೆಯ ಪೆಟ್ರೋಲು ಟ್ಯಾಂಕಿನಲ್ಲಿ ಕೊಳೆಯಲು ಬಿಡಳು. ಅತ್ತೆ ನಗುತ್ತಿದ್ದರು: "ನನಗಿಂತ ಅದಕ್ಕೇ ಉಪಚಾರ ಜಾಸ್ತಿ ಆಯ್ತು."

ಆಮೇಲೆ ಬಂದದ್ದು ಬಿರುಗಾಳಿ. ಕಂಬಗಳು ಉರುಳಿ ಊರಿಗೆ ಊರೇ ಕತ್ತಲಾಯಿತು. ಜನರೇಟರ್ ಪೆಟ್ರೋಲು ತುಂಬಿಸುವಷ್ಟು ಹೊತ್ತು ಬಿಟ್ಟರೆ ಒಂದೂವರೆ ದಿನ ಎಡೆಬಿಡದೆ ಓಡಿ, ಎರಡನೆಯ ದಿನ ಮಧ್ಯಾಹ್ನ ಪಟ್ಟನೆ ನಿಂತಿತು. ಹಗ್ಗ ಏಳು ಸಲ ಎಳೆದರೂ ಜಪ್ಪಯ್ಯ ಎನ್ನಲಿಲ್ಲ.

"ಮೆಕ್ಯಾನಿಕ್ಕನ್ನ ಕರೆತರ್ತೀನಿ!" ಮೈದುನ ಗಾಬರಿಯಾದ.

"ರಸ್ತೆ ತುಂಬ ಮರ ಬಿದ್ದಿದೆ, ಯಾರು ಬರ್ತಾರೆ? ನೀನು ಅಮ್ಮನಿಗೆ ಸಿಲಿಂಡರ್ ಹಾಕಿ ಮುಳ್ಳು ನೋಡ್ತಿರು. ಇದು ನನಗಿರಲಿ."

ಒಂದೊಂದಾಗಿ ನೋಡಿದಳು. ಪೆಟ್ರೋಲಿತ್ತು. ಗಾಳಿಯ ಫಿಲ್ಟರು ಶುಭ್ರ. ಆಯಿಲ್ ಕಡ್ಡಿ ಎಳೆದರೆ ತುದಿ ಒಣಗಿತ್ತು. ಆಯಿಲ್ ಕಡಿಮೆಯಾದರೆ ಎಂಜಿನ್ ಸುಟ್ಟುಹೋಗದಂತೆ ತಾನೇ ನಿಲ್ಲುವ ಮಷೀನು ಅದು. ಎಂಜಿನ್ ಆರಲು ಬಿಟ್ಟು, ಹೊಸ ಡಬ್ಬಿ ಒಡೆದು ಗುರುತಿನವರೆಗೆ ಸುರಿದು, ಹಲ್ಲುಕಚ್ಚಿ ಹಗ್ಗ ಎಳೆದಳು. ಎರಡನೆಯ ಎಳೆತಕ್ಕೆ ಗುಡುಗಿತು.

ಒಳಗೆ ಬಂದಾಗ ಮೈದುನ ಇನ್ನೂ ಮುಳ್ಳನ್ನೇ ನೋಡುತ್ತಿದ್ದ. ಅದು ಅರ್ಧಕ್ಕೂ ಇಳಿದಿರಲಿಲ್ಲ. "ಅತ್ತಿಗೆ, ನನಗೂ ಸ್ವಲ್ಪ ಕಲಿಸಿಕೊಡಿ" ಎಂದ.

ಮೂರನೆಯ ದಿನ ಕರೆಂಟು ಬಂತು. ಹೊಲಿಗೆಯಕ್ಕ ಹಳೆಯ ಆಯಿಲ್ ಪೂರ್ತಿ ಬಸಿದು ಹೊಸದು ತುಂಬಿಸಿದ ಮೇಲೆಯೇ ಕೈ ತೊಳೆದು ಊಟಕ್ಕೆ ಕೂತಳು. ಅತ್ತೆ ಮೂಗಿನ ಆಕ್ಸಿಜನ್ ನಳಿಕೆ ಸಮೇತ ಪಕ್ಕದಲ್ಲೇ ಕುರ್ಚಿ ಎಳೆಸಿಕೊಂಡು ಕೂತು, ಎರಡನೆಯ ಸಲವೂ ತಾವೇ ಬಡಿಸಿದರು.